ಪಟಾಕಿ ದಿನಗಳಲ್ಲಿ ನಾಯಿ, ಬೆಕ್ಕು, ನೆರೆಮನೆ: ದೀಪಾವಳಿಗೆ ಮೊದಲೇ ಮಾಡಿಟ್ಟುಕೊಳ್ಳಬೇಕಾದ ಕೆಲಸ

ನವರಾತ್ರಿ ಮುಗಿಯುತ್ತಿದ್ದಂತೆ ಒಂದೇ ಬಗೆಯ ಪ್ರಶ್ನೆಗಳು ಬರಲು ಶುರುವಾಗುತ್ತವೆ. "ನಮ್ಮ ನಾಯಿ ಪಟಾಕಿ ಸದ್ದಿಗೆ ಮಂಚದ ಕೆಳಗೆ ಸೇರಿ ನಡುಗುತ್ತೆ, ಏನು ಕೊಡಬಹುದು?" "ಎದುರುಮನೆಯವರು ರಾತ್ರಿ ಹನ್ನೊಂದಾದರೂ ನಿಲ್ಲಿಸಲ್ಲ, ಜಗಳ ಆಗದ ಹಾಗೆ ಹೇಳೋದು ಹೇಗೆ?" "ಅಮ್ಮನಿಗೆ ಉಬ್ಬಸ, ಹಬ್ಬದ ಮೂರು ದಿನ ಏನು ಮಾಡೋದು?" ಹೆಚ್ಚಿನವರು ಕೇಳುವುದು ನರಕ ಚತುರ್ದಶಿಯ ಸಂಜೆ, ಮೊದಲ ಆಟಂ ಬಾಂಬ್ ಸಿಡಿದ ಮೇಲೆ. ಆ ಹೊತ್ತಿಗೆ ಮಾಡಬಹುದಾದದ್ದು ತುಂಬಾ ಕಡಿಮೆ. ಈ ಕೆಲಸದ ಮುಕ್ಕಾಲು ಪಾಲು ಹಬ್ಬಕ್ಕೆ ಮೊದಲೇ ಮುಗಿಯಬೇಕು. ಹಾಗಾಗಿ ಎಲ್ಲವನ್ನೂ ಒಂದೇ ಕಡೆ, ಮಾಡಬೇಕಾದ ಕ್ರಮದಲ್ಲೇ ಬರೆದಿದ್ದೇನೆ. ದಿನ ಕಡಿಮೆ ಉಳಿದಿದ್ದರೆ ನೇರವಾಗಿ ಎರಡನೇ ಹಂತಕ್ಕೆ ಹೋಗಿ.

ಹೆದರಿಕೆ ಯಾಕೆ ಇಷ್ಟು?

ಗುಡುಗಿಗೆ ಮುನ್ಸೂಚನೆ ಇರುತ್ತದೆ. ಗಾಳಿ ಬದಲಾಗುತ್ತದೆ, ಮಳೆಯ ವಾಸನೆ ಬರುತ್ತದೆ. ಪಟಾಕಿಗೆ ಅದ್ಯಾವುದೂ ಇಲ್ಲ. ಎಲ್ಲಿಂದ ಬಂತು, ಮುಂದಿನದು ಯಾವಾಗ, ಯಾವಾಗ ಮುಗಿಯುತ್ತೆ ಎನ್ನುವುದು ಪ್ರಾಣಿಗೆ ತಿಳಿಯುವುದಿಲ್ಲ. ಓಡಿ ಹೋದರೆ ಮುಂದಿನ ಬೀದಿಯಲ್ಲೂ ಅದೇ ಸದ್ದು. ಕಿವಿಯೂ ನಮ್ಮದಕ್ಕಿಂತ ಚುರುಕು. ಮನುಷ್ಯರಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳಿಸಿದರೆ, ನಾಯಿಗೆ ಸುಮಾರು 45,000, ಬೆಕ್ಕಿಗೆ ಸುಮಾರು 64,000ದವರೆಗೆ ಕೇಳಿಸುತ್ತದೆ. ಹರ್ಟ್ಸ್ ಎಂದರೆ ಸದ್ದು ಒಂದು ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ. ರಾಕೆಟ್ಟಿನ ಕೀರಲು ಸದ್ದಿನಲ್ಲಿ ನಮಗೆ ಕೇಳಿಸದ ಪಾಲೂ ಅವಕ್ಕೆ ಕೇಳಿಸುತ್ತದೆ.

ಇನ್ನು ಜೋರಿನ ಮಾತು. 1999ರಲ್ಲಿ ಬಂದ ಕೇಂದ್ರದ ನಿಯಮದ ಪ್ರಕಾರ, ಸಿಡಿಯುವ ಜಾಗದಿಂದ 4 ಮೀಟರ್ ದೂರದಲ್ಲಿ 125 ಡೆಸಿಬಲ್ ಮೀರುವ ಪಟಾಕಿಯನ್ನು ತಯಾರಿಸುವಂತಿಲ್ಲ, ಮಾರುವಂತಿಲ್ಲ, ಹೊಡೆಯುವಂತಿಲ್ಲ. ಡೆಸಿಬಲ್ ಎಂದರೆ ಸದ್ದಿನ ಜೋರನ್ನು ಅಳೆಯುವ ಮಾಪನ. 10 ಡೆಸಿಬಲ್ ಏರಿದರೆ ಸದ್ದಿನ ಶಕ್ತಿ 10 ಪಟ್ಟು ಏರಿದಂತೆ. ಜನವಸತಿ ಪ್ರದೇಶಕ್ಕೆ ಕಾನೂನು ಇಟ್ಟಿರುವ ಮಿತಿ ಹಗಲಿಗೆ 55, ರಾತ್ರಿಗೆ 45. ಎರಡನ್ನೂ ಅಳೆಯುವ ಬಗೆ ಬೇರೆ, ನಿಜ. ಆದರೂ ಅಂತರ ಎಷ್ಟು ದೊಡ್ಡದು ಎಂದು ಅಂದಾಜು ಸಿಗುತ್ತದೆ.

"ನಾಲ್ಕು ವರ್ಷ ಕೇಳಿದರೆ ರೂಢಿಯಾಗುತ್ತೆ ಬಿಡಿ" ಎನ್ನುವವರು ಪ್ರತಿ ಬೀದಿಯಲ್ಲೂ ಇದ್ದಾರೆ. ಹೆದರುವ ನಾಯಿಯ ವಿಷಯದಲ್ಲಿ ಸಾಮಾನ್ಯವಾಗಿ ಇದಕ್ಕೆ ತದ್ವಿರುದ್ಧ ಆಗುತ್ತದೆ. ಪ್ರತಿ ವರ್ಷ ಹೆದರಿಕೆ ಬೆಳೆಯುತ್ತದೆ. ಮೊದಲು ಆಟಂ ಬಾಂಬಿಗೆ ಮಾತ್ರ ಬೆಚ್ಚುತ್ತಿದ್ದದ್ದು, ಆಮೇಲೆ ಬೈಕಿನ ಸೈಲೆನ್ಸರ್ ಸದ್ದಿಗೂ, ಬಾಗಿಲು ಬಡಿದ ಸದ್ದಿಗೂ ಬೆಚ್ಚಲು ಶುರುಮಾಡುತ್ತದೆ. ಧೈರ್ಯ ಬರಲಿ ಅಂತ ತಾರಸಿಗೆ ಎತ್ತಿಕೊಂಡು ಹೋಗಿ ಪಟಾಕಿ ತೋರಿಸುವುದಂತೂ ಬೇಡವೇ ಬೇಡ.

ಮನೆಯಲ್ಲಿ ಇರಬೇಕಾದದ್ದು

ಫೋನ್ ನಂಬರ್ ಕೆತ್ತಿದ ಬಿಲ್ಲೆಯಿರುವ ಬೆಲ್ಟ್, ಸರಿಯಾಗಿ ಕೂರುವ ಹಾರ್ನೆಸ್ (ಎದೆ ಮತ್ತು ಭುಜಕ್ಕೆ ಹಾಕುವ ಪಟ್ಟಿ), ದಪ್ಪ ಪರದೆ ಅಥವಾ ಕಂಬಳಿ, ಸದ್ದು ಮಾಡುವ ಫ್ಯಾನ್ ಅಥವಾ ಟಿವಿ, ಅಗಿಯಲು ಇಷ್ಟಪಡುವ ತಿಂಡಿ, ಹಳೆ ಪೇಪರ್, ಪಶುವೈದ್ಯರು ಬರೆದುಕೊಟ್ಟ ಮಾತ್ರೆ, ನಿಮ್ಮ ಪ್ರಾಣಿಯ ಇತ್ತೀಚಿನ ಎರಡು ಸ್ಪಷ್ಟ ಫೋಟೋ. ರಾತ್ರಿ ತೆರೆದಿರುವ ಪಶು ಆಸ್ಪತ್ರೆ ನಿಮ್ಮ ಹತ್ತಿರ ಯಾವುದು ಎನ್ನುವುದನ್ನೂ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಹಬ್ಬದ ದಿನ ಎಷ್ಟೋ ಕ್ಲಿನಿಕ್‌ಗಳು ಮುಚ್ಚಿರುತ್ತವೆ.

ಹಂತ 1: ಸದ್ದಿನ ಅಭ್ಯಾಸ (ಆರೇಳು ವಾರ ಮೊದಲು)

ಗಣೇಶನ ಹಬ್ಬದ ಗದ್ದಲ ಮುಗಿದ ಮೇಲೆ ಇದನ್ನು ಶುರುಮಾಡಬಹುದು. ಮೊಬೈಲಿನಲ್ಲಿ ಪಟಾಕಿಯ ಸದ್ದನ್ನು ತೀರಾ ಸಣ್ಣದಾಗಿ ಹಾಕಿ. ಎಷ್ಟು ಸಣ್ಣದು ಎಂದರೆ, ನಾಯಿ ಕಿವಿ ನಿಮಿರಿಸಿದರೂ ತನ್ನ ಪಾಡಿಗೆ ಇರಬೇಕು. ಸದ್ದು ಬಂದ ತಕ್ಷಣ ಇಷ್ಟದ ತಿಂಡಿ ಕೊಡಿ. ಸದ್ದು ನಿಲ್ಲಿಸಿದಾಗ ತಿಂಡಿಯೂ ನಿಲ್ಲಲಿ. ದಿನಕ್ಕೆ ಐದು ನಿಮಿಷ ಸಾಕು. ನಾಲ್ಕೈದು ದಿನ ಆರಾಮಾಗಿದ್ದರೆ ವಾಲ್ಯೂಮ್ ಒಂದು ಗೆರೆ ಏರಿಸಿ.

ಇಲ್ಲಿ ಜನ ಎಡವುವುದು ಅವಸರದಲ್ಲಿ. ನಾಯಿ ತಿನ್ನುವುದನ್ನು ಬಿಟ್ಟಿತು, ಆಕಳಿಸಿತು, ತುಟಿ ನೆಕ್ಕಿತು, ಎದ್ದು ಹೋಯಿತು ಅಂದರೆ ವಾಲ್ಯೂಮ್ ಜಾಸ್ತಿಯಾಗಿದೆ ಎಂದರ್ಥ. ಹಿಂದಿನ ಮಟ್ಟಕ್ಕೆ ಇಳಿಸಿ. ಹಬ್ಬಕ್ಕೆ ಎರಡೇ ವಾರ ಉಳಿದಿದ್ದರೆ ಇದಕ್ಕೆ ಕೈಹಾಕಬೇಡಿ, ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಮನೆಯಲ್ಲಿರುವುದು ಮೂರು ನಾಲ್ಕು ತಿಂಗಳ ಮರಿಯಾದರೆ ಮಾತ್ರ ಈ ಅಭ್ಯಾಸವನ್ನು ತಪ್ಪಿಸಬೇಡಿ. ಮೊದಲ ದೀಪಾವಳಿ ಹೇಗೆ ಕಳೆಯಿತು ಎನ್ನುವುದು ಅದರ ಮುಂದಿನ ದೀಪಾವಳಿಗಳ ಮೇಲೂ ಪರಿಣಾಮ ಬೀರುತ್ತದೆ.

ಹಂತ 2: ಪಶುವೈದ್ಯರ ಭೇಟಿ (ಎರಡು ಮೂರು ವಾರ ಮೊದಲು)

ಸ್ವಲ್ಪ ಬೆಚ್ಚಿ ಆಮೇಲೆ ಮಲಗುವ ನಾಯಿಗೆ ಔಷಧಿ ಬೇಕಾಗುವುದಿಲ್ಲ. ಗಂಟೆಗಟ್ಟಲೆ ಏದುಸಿರು ಬಿಡುವ, ಜೊಲ್ಲು ಸುರಿಸುವ, ಬಾಗಿಲು ಗೀರುವ, ಉಚ್ಚೆ ಮಾಡಿಕೊಳ್ಳುವ, ಮಾರನೇ ದಿನವೂ ಊಟ ಮುಟ್ಟದ ನಾಯಿಗೆ ಬೇಕಾಗಬಹುದು. ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಕಳೆದ ವರ್ಷ ಏನಾಯಿತು ಎಂಬುದರ ವಿಡಿಯೋ ಇದ್ದರೆ ಡಾಕ್ಟರಿಗೆ ತೋರಿಸಿ. ಬಾಯಲ್ಲಿ ಹೇಳುವುದಕ್ಕಿಂತ ಅದು ಸಲೀಸು.

ಕ್ಲಿನಿಕ್ಕಿನಲ್ಲಿ ಇವನ್ನು ಮರೆಯದೆ ಹೇಳಿ: ನಾಯಿಯ ತೂಕ, ವಯಸ್ಸು, ಹೃದಯ, ಲಿವರ್, ಕಿಡ್ನಿ ತೊಂದರೆ ಇದ್ದರೆ ಅದು, ಈಗ ನಡೆಯುತ್ತಿರುವ ಔಷಧಿ. ಪಗ್, ಶಿಟ್ಜುಗಳಂಥ ಮೊಂಡು ಮೂತಿಯ ತಳಿಗಳಿಗೆ ಮೊದಲೇ ಉಸಿರಾಟ ಕಷ್ಟ, ಅವಕ್ಕೆ ಮಂಪರು ಬರಿಸುವ ಔಷಧಿ ಕೊಡುವಾಗ ಹೆಚ್ಚು ಎಚ್ಚರ ಬೇಕು. ವಯಸ್ಸಾದ ನಾಯಿ ಈಗೀಗ ಹೊಸದಾಗಿ ಸದ್ದಿಗೆ ಹೆದರುತ್ತಿದ್ದರೆ ಕೀಲು ನೋವು ಇದೆಯಾ ಅಂತಲೂ ನೋಡಲು ಹೇಳಿ. ನೋವಿರುವ ಮೈಗೆ ಸದ್ದಿನ ಬೆಚ್ಚು ಜಾಸ್ತಿ.

ವೈದ್ಯರು ಈ ಹೆದರಿಕೆಗೆ ಬಳಸುವ ಔಷಧಿಗಳಲ್ಲಿ ಟ್ರಾಜೋಡೋನ್, ಗ್ಯಾಬಾಪೆಂಟಿನ್ ಸೇರಿವೆ. ಪ್ರಮಾಣ ನಾನು ಬರೆಯುವುದಿಲ್ಲ, ನೀವೂ ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಒಂದು ಹೆಸರನ್ನು ಮಾತ್ರ ನೆನಪಿಡಿ: ಎಸಿಪ್ರೊಮಝಿನ್. ಇದು ಮೈಯನ್ನು ಸುಮ್ಮನಾಗಿಸುತ್ತದೆ, ಹೆದರಿಕೆಯನ್ನಲ್ಲ. ನಾಯಿ ಅಲುಗಾಡದೆ ಬಿದ್ದಿರುತ್ತದೆ, ಒಳಗೆ ಅದೇ ಭಯ ಇರುತ್ತದೆ. ನೋಡುವವರಿಗೆ "ಈ ಸಲ ಎಷ್ಟು ಆರಾಮಾಗಿದೆ" ಅನ್ನಿಸುತ್ತದೆ. ಪಟಾಕಿ ಭಯಕ್ಕೆ ಇದೊಂದನ್ನೇ ಬರೆದಿದ್ದರೆ, ಹೆದರಿಕೆಯನ್ನೇ ಕಡಿಮೆ ಮಾಡುವ ಔಷಧಿ ಕೊಡಬಹುದಾ ಅಂತ ಮರ್ಯಾದೆಯಿಂದಲೇ ಕೇಳಿ.

ಮಾತ್ರೆ ಕೈಗೆ ಬಂದ ಮೇಲೆ ಸದ್ದಿಲ್ಲದ ಒಂದು ದಿನ ಒಮ್ಮೆ ಕೊಟ್ಟು ನೋಡಬಹುದೇ ಅಂತ ಕೇಳಿಕೊಳ್ಳಿ. ಎಷ್ಟು ಹೊತ್ತಿಗೆ ಕೆಲಸ ಶುರುವಾಗುತ್ತೆ, ಎಷ್ಟು ಹೊತ್ತು ಇರುತ್ತೆ, ವಾಂತಿ ಆಗುತ್ತಾ, ಕಾಲು ತಡವರಿಸುತ್ತಾ ಎನ್ನುವುದೆಲ್ಲ ಅವತ್ತೇ ಗೊತ್ತಾಗಲಿ. ಬಹಳಷ್ಟು ಮಾತ್ರೆಗಳನ್ನು ಸದ್ದು ಶುರುವಾಗುವ ಒಂದೆರಡು ಗಂಟೆ ಮೊದಲೇ ಕೊಡಬೇಕು. ನಡುಗಲು ಶುರುವಾದ ಮೇಲೆ ಕೊಟ್ಟರೆ ಅಷ್ಟು ಕೆಲಸ ಮಾಡುವುದಿಲ್ಲ. ಈ ಗಂಟೆಯ ಲೆಕ್ಕ ನಾಲ್ಕನೇ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಎಚ್ಚರ: ಮನೆಯಲ್ಲಿ ಅಜ್ಜಿಗೆ ಬರೆದ ನಿದ್ದೆ ಮಾತ್ರೆಯನ್ನು ಅರ್ಧ ಮುರಿದು ಕೊಡುವುದು ಬೇಡ. ಪ್ಯಾರಾಸಿಟಮಾಲ್ ಬೆಕ್ಕಿನ ಪ್ರಾಣ ತೆಗೆಯುತ್ತದೆ. ಐಬುಪ್ರೊಫೆನ್ ನಾಯಿಗೆ ವಿಷ. ಮನುಷ್ಯರ ಕೆಲವು ಸಿರಪ್‌ಗಳಲ್ಲಿ ಸಕ್ಕರೆ ಬದಲಿಗೆ ಹಾಕುವ ಝೈಲಿಟಾಲ್ ಕೂಡ ನಾಯಿಗೆ ವಿಷ. ರಮ್ ಅಥವಾ ಬ್ರಾಂದಿ ಕುಡಿಸಿ ಮಲಗಿಸುವವರೂ ಇದ್ದಾರೆ, ಅದರ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಮಾಡಬೇಡಿ ಅಷ್ಟೇ.

ಹಂತ 3: ಓಡಿಹೋಗದಂತೆ ಕಟ್ಟುನಿಟ್ಟು

ಹಬ್ಬದ ಮೂರು ದಿನ ನಾಯಿಗಳು ಕಾಣೆಯಾಗುವುದು ಹೆಚ್ಚಾಗಿ ಗೇಟು ತೆರೆದ ಒಂದು ಕ್ಷಣದಲ್ಲಿ. ಸಿಹಿ ಹಂಚಲು ಬಂದವರು, ಹೂವಿನವರು, ನೆಂಟರ ಮಕ್ಕಳು ಹೀಗೆ ಬಾಗಿಲು ದಿನವಿಡೀ ತೆರೆಯುತ್ತಲೇ ಇರುತ್ತದೆ.

ಬೆಲ್ಟ್ ಮತ್ತು ಕುತ್ತಿಗೆ ನಡುವೆ ಎರಡು ಬೆರಳು ಮಾತ್ರ ಹೋಗಬೇಕು. ಅದಕ್ಕಿಂತ ಸಡಿಲ ಇದ್ದರೆ, ಹೆದರಿ ಹಿಂದಕ್ಕೆ ಜಗ್ಗಿದಾಗ ತಲೆ ಸಲೀಸಾಗಿ ಹೊರಬರುತ್ತದೆ. ವಾಕಿಂಗಿಗೆ ಬೆಲ್ಟ್ ಮತ್ತು ಹಾರ್ನೆಸ್ ಎರಡೂ ಹಾಕಿ. ಬಿಲ್ಲೆಯ ಮೇಲಿನ ನಂಬರ್ ಈಗಲೂ ನಿಮ್ಮದೇನಾ ನೋಡಿ. ಮೈಕ್ರೋಚಿಪ್ ಹಾಕಿಸಿದ್ದರೆ (ಚರ್ಮದ ಕೆಳಗೆ ಸೇರಿಸುವ, ಗುರುತಿನ ಸಂಖ್ಯೆ ಇರುವ ಅಕ್ಕಿಕಾಳಿನಷ್ಟು ಸಾಧನ) ಅದಕ್ಕೆ ಜೋಡಿಸಿರುವ ವಿಳಾಸ ಸರಿಯಿದೆಯಾ ನೋಡಿ. ಮನೆ ಬದಲಿಸಿದವರು ಇದನ್ನು ಮರೆತಿರುತ್ತಾರೆ.

ಹಬ್ಬದ ದಿನ ಹೊರಗೆ ಚೈನಿನಲ್ಲಿ ಕಟ್ಟಿ ಬಿಡಬೇಡಿ. ಹೆದರಿದ ನಾಯಿ ಕಾಂಪೌಂಡ್ ಹಾರಲು ಹೋಗಿ ಅದೇ ಚೈನಿಗೆ ನೇತಾಡಬಹುದು.

ಹಂತ 4: ನೆರೆಮನೆಯವರ ಜೊತೆ ಮಾತು (ಒಂದು ವಾರ ಮೊದಲು)

ಜನ ಮುಂದೂಡುತ್ತಲೇ ಹೋಗುವ ಕೆಲಸ ಇದು. ಆಮೇಲೆ ರಾತ್ರಿ ಹನ್ನೊಂದಕ್ಕೆ ಬಾಲ್ಕನಿಯಿಂದ ಕೂಗುತ್ತಾರೆ. ಆ ಹೊತ್ತಿನಲ್ಲಿ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ.

"ಪಟಾಕಿ ಹೊಡೀಬೇಡಿ" ಅಂತ ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯಿತು. ಹಬ್ಬ ಬೇಡ ಅಂದಂತೆ ಕೇಳಿಸುತ್ತದೆ. "ನಮ್ಮ ಹಬ್ಬಕ್ಕೆ ಮಾತ್ರ ಯಾಕೆ ಹೇಳ್ತೀರಿ" ಎನ್ನುವ ದಾರಿಗೆ ಹೋದರೆ ವಾಪಸ್ ಬರುವುದು ಕಷ್ಟ. ಬದಲಿಗೆ ಗಂಟೆ ಕೇಳಿ. "ಅಣ್ಣಾ, ಈ ಸಲ ಎಷ್ಟು ಗಂಟೆಗೆ ಶುರು ಮಾಡ್ತೀರಿ? ನಮ್ಮ ನಾಯಿಗೆ ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ, ಒಂದೂವರೆ ಗಂಟೆ ಮೊದಲೇ ಕೊಡಬೇಕಂತೆ. ಒಂದು ಫೋನ್ ಮಾಡಿದರೆ ಸಾಕು." ಇದರಲ್ಲಿ ಯಾರ ಮೇಲೂ ಆಪಾದನೆ ಇಲ್ಲ. ಹೆಚ್ಚಿನವರು ಗಂಟೆ ಹೇಳುತ್ತಾರೆ. ಒಮ್ಮೆ ಹೇಳಿದ ಮೇಲೆ ಆ ಗಂಟೆಗೆ ತಾವೇ ಸ್ವಲ್ಪ ಕಟ್ಟುಬೀಳುತ್ತಾರೆ. ನಿಮಗೂ ಮಾತ್ರೆಯ ಲೆಕ್ಕ ಸಿಗುತ್ತದೆ.

ಅದಾದ ಮೇಲೆ ಬೇಕಾದರೆ ಇನ್ನೊಂದೇ ಒಂದು ಬೇಡಿಕೆ ಇಡಿ. ನಮ್ಮ ಕಿಟಕಿ ಕೆಳಗೆ ಬೇಡ, ಮೂಲೆ ಸೈಟಿನಲ್ಲಿ ಹೊಡೀರಿ ಅಂತಲೋ, ಆಟಂ ಬಾಂಬ್, ಸರ ಪಟಾಕಿ ಬಿಟ್ಟು ಹೂಕುಂಡ, ಭೂಚಕ್ರ, ಸುರುಸುರು ಬತ್ತಿ ಹಚ್ಚೋಣ ಅಂತಲೋ. ಎರಡು ಮೂರು ಬೇಡಿಕೆ ಒಟ್ಟಿಗೆ ಇಟ್ಟರೆ ಒಂದೂ ನಡೆಯುವುದಿಲ್ಲ. ಮಕ್ಕಳಿದ್ದರೆ ಮಕ್ಕಳ ಹತ್ತಿರವೇ ಮಾತಾಡಿ. ಹಗಲು ಹೊತ್ತು ಕರೆದು ನಾಯಿಯನ್ನು ಮುಟ್ಟಲು ಬಿಡಿ, ಹೆಸರು ಹೇಳಿಕೊಡಿ. ಹೆಸರು ಗೊತ್ತಿರುವ ನಾಯಿಯ ಕಡೆ ಯಾವ ಮಗುವೂ ಕುದುರೆ ಪಟಾಕಿ ಎಸೆಯುವುದಿಲ್ಲ ಎಂದು ನನ್ನ ನಂಬಿಕೆ.

ಅಪಾರ್ಟ್‌ಮೆಂಟ್ ಆದರೆ ಅಸೋಸಿಯೇಷನ್ ಮೂಲಕ ಹೋಗಿ. ಗ್ರೂಪಿಗೆ ಹಾಕಲು ಒಂದು ಮಾದರಿ:

"ಎಲ್ಲರಿಗೂ ದೀಪಾವಳಿ ಶುಭಾಶಯ. ಈ ಸಲ ಪಟಾಕಿ ಹೊಡೆಯಲು ಹಿಂದಿನ ಗೇಟಿನ ಬಳಿಯ ಖಾಲಿ ಜಾಗ ಇಟ್ಟುಕೊಳ್ಳೋಣ. ಸಮಯ ರಾತ್ರಿ 8ರಿಂದ 10. ಪಾರ್ಕಿಂಗ್, ಮೆಟ್ಟಿಲು, ತಾರಸಿ, ಬಾಲ್ಕನಿಯಲ್ಲಿ ಬೇಡ. ನಮ್ಮ ಬ್ಲಾಕಿನಲ್ಲಿ ಎಳೆಮಗು, ಆಪರೇಷನ್ ಆದವರು, ಉಬ್ಬಸ ಇರುವ ಹಿರಿಯರು ಇದ್ದಾರೆ. ಎರಡು ಬಕೆಟ್ ನೀರು, ಒಂದು ಬಕೆಟ್ ಮರಳು ಅಲ್ಲೇ ಇಡುತ್ತೇವೆ. ಹಚ್ಚುವ ಮೊದಲು ಕಾರಿನ ಕೆಳಗೆ ನಾಯಿ, ಬೆಕ್ಕು ಮಲಗಿದೆಯಾ ನೋಡಿ."

ಸಂದೇಶದಲ್ಲಿ ನಾಯಿಗಿಂತ ಮೊದಲು ಮನುಷ್ಯರನ್ನು ಸೇರಿಸಿರುವುದನ್ನು ಗಮನಿಸಿ. ನಾಯಿ ಕಂಡರೆ ಆಗದವರೂ ಎಳೆಮಗುವಿಗೆ ಒಪ್ಪುತ್ತಾರೆ. ಆದರೆ ಯಾರ ಕಾಯಿಲೆಯನ್ನೂ ಹೆಸರು ಹಾಕಿ ಬರೆಯಬೇಡಿ.

ಕಾನೂನು ಏನು ಹೇಳುತ್ತದೆ ಎಂಬುದೂ ಗೊತ್ತಿರಲಿ, ಮೊದಲ ಮಾತಿನಲ್ಲೇ ಅದನ್ನು ಎತ್ತಬೇಡಿ. ಸುಪ್ರೀಂ ಕೋರ್ಟ್ 2018ರ ಅಕ್ಟೋಬರ್ 23ರಂದು ಕೊಟ್ಟ ಆದೇಶದಲ್ಲಿ ದೀಪಾವಳಿಗೆ ರಾತ್ರಿ 8ರಿಂದ 10 ಎಂದು ಸಮಯ ನಿಗದಿ ಮಾಡಿತು. ಸರ ಪಟಾಕಿ, ಬೇರಿಯಂ ಲವಣ (ಮದ್ದಿಗೆ ಹಾಕುವ ಒಂದು ರಾಸಾಯನಿಕ) ಬಳಸಿದ ಪಟಾಕಿ, ಆನ್‌ಲೈನ್ ಮಾರಾಟ ಮೂರನ್ನೂ ನಿಷೇಧಿಸಿತು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದಿನ ಪಟಾಕಿ ಬೇಡ ಎಂದು ಅದೇ ಕೋರ್ಟ್ 2005ರಲ್ಲೇ ಹೇಳಿತ್ತು. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಆಯಾ ವರ್ಷಕ್ಕೆ ರಾಜ್ಯ ಸರ್ಕಾರ ಅಥವಾ ಜಿಲ್ಲಾಧಿಕಾರಿ ಬೇರೆ ಆದೇಶ ಹೊರಡಿಸಿದ್ದರೆ ಅದನ್ನು ಓದಿಕೊಳ್ಳಿ.

ಹಸಿರು ಪಟಾಕಿ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಅದು ಸದ್ದಿಲ್ಲದ ಪಟಾಕಿ ಅಲ್ಲ. ಸಿಎಸ್‌ಐಆರ್-ನೀರಿ ಎಂಬ ಕೇಂದ್ರ ಸರ್ಕಾರಿ ಪರಿಸರ ಸಂಶೋಧನಾ ಸಂಸ್ಥೆ ರೂಪಿಸಿದ ಈ ಬಗೆಯಲ್ಲಿ ಹೊಗೆಯ ಕಣಗಳು ಮಾಮೂಲಿ ಪಟಾಕಿಗಿಂತ ಕನಿಷ್ಠ 30% ಕಡಿಮೆ ಎನ್ನುವುದು ಲೆಕ್ಕ. ಉಬ್ಬಸದವರಿಗೆ ಅಷ್ಟರ ಮಟ್ಟಿಗೆ ವಾಸಿ. ನಾಯಿಗೆ ಸದ್ದು ಸದ್ದೇ. ಡಬ್ಬಿಯ ಮೇಲೆ ಸಂಸ್ಥೆಯ ಗುರುತು, ಕ್ಯೂಆರ್ ಕೋಡ್ ಇದೆಯಾ ನೋಡಿ. "ಹಸಿರು" ಅಂತ ಬರೀ ಬಣ್ಣ ಹಚ್ಚಿದ ಡಬ್ಬಿಗಳೂ ಸಿಗುತ್ತವೆ.

ಹಂತ 5: ಕೋಣೆ ಸಿದ್ಧಮಾಡಿ

ಮನೆಯ ಒಳಭಾಗದ, ಕಡಿಮೆ ಕಿಟಕಿ ಇರುವ ಕೋಣೆ ಆರಿಸಿ. ಸ್ಟೋರ್ ರೂಮ್, ಡ್ರೆಸ್ಸಿಂಗ್ ರೂಮ್, ಗಾಳಿಯಾಡುವ ಬಚ್ಚಲು ಯಾವುದಾದರೂ ಸರಿ. ನಾಯಿ ಈಗಾಗಲೇ ತಾನೇ ಒಂದು ಜಾಗ ಆರಿಸಿಕೊಂಡಿದ್ದರೆ ಅದೇ ಒಳ್ಳೆಯದು. ಮಂಚದ ಕೆಳಗಿಂದ ಎಳೆದು ನಿಮಗೆ ಬೇಕಾದ ಕೋಣೆಗೆ ತರಬೇಡಿ. ಆ ಮಂಚದ ಸುತ್ತಲೇ ಕಂಬಳಿ ಇಳಿಬಿಡಿ.

ಕಿಟಕಿ ಮುಚ್ಚಿ, ದಪ್ಪ ಪರದೆ ಎಳೆಯಿರಿ. ಬೆಳಕಿನ ಮಿಂಚಿಗೂ ಪ್ರಾಣಿಗಳು ಬೆಚ್ಚುತ್ತವೆ, ಹಾಗಾಗಿ ಒಳಗೆ ಲೈಟ್ ಹಾಕಿಯೇ ಇಡಿ. ಫ್ಯಾನ್, ಟಿವಿ, ತಂಬೂರಿ ಶ್ರುತಿ, ಯಾವುದಾದರೂ ಒಂದೇ ಸಮನೆ ಹರಿಯುವ ಸದ್ದು ಇರಲಿ. ತುಂಬಾ ಜೋರು ಮಾಡಿದರೆ ಅದೇ ಇನ್ನೊಂದು ಹಿಂಸೆ. ನಾಲ್ಕೈದು ದಿನ ಮೊದಲಿಂದಲೇ ತಿಂಡಿ, ಊಟ ಅಲ್ಲೇ ಕೊಡಿ. ಹಬ್ಬದ ದಿನವೇ ಮೊದಲ ಸಲ ಅಲ್ಲಿ ಕೂಡಿಹಾಕಿದರೆ ಅದಕ್ಕೆ ಅದು ಜೈಲು. ಬಾಗಿಲಿಗೆ ಚಿಲಕ ಹಾಕಬೇಡಿ, ಒಳಗೆ ಹೊರಗೆ ಓಡಾಡಲು ಬಿಡಿ. ಮನೆಯ ಮುಂಬಾಗಿಲು ಮಾತ್ರ ಭದ್ರವಾಗಿರಲಿ.

ಕಿವಿಗೆ ಹತ್ತಿ ತುರುಕಬೇಡಿ. ನಾಯಿಯ ಕಿವಿಯ ಕೊಳವೆ ಒಳಗೆ ಹೋಗಿ ತಿರುಗುತ್ತದೆ, ಹತ್ತಿ ಸಿಕ್ಕಿಕೊಂಡರೆ ತೆಗೆಯಲು ಡಾಕ್ಟರೇ ಬೇಕು. ಮೈಗೆ ಬಿಗಿಯಾಗಿ ಸುತ್ತುವ ಅಂಗಿ ಕೆಲವು ನಾಯಿಗಳಿಗೆ ಸಮಾಧಾನ ಕೊಡುತ್ತದೆ, ಕೆಲವಕ್ಕೆ ಇಲ್ಲ. ಮೊದಲೇ ತೊಡಿಸಿ ನೋಡಿ.

ಹಂತ 6: ಹಬ್ಬದ ದಿನ

ಎಲ್ಲರೂ ಸಂಜೆಗೆ ಸಿದ್ಧರಾಗಿರುತ್ತಾರೆ. ನರಕ ಚತುರ್ದಶಿಯ ಬೆಳಿಗ್ಗೆಯನ್ನು ಮರೆತಿರುತ್ತಾರೆ. ಎಣ್ಣೆಸ್ನಾನ ಮುಗಿಸಿ ಬೆಳಕು ಹರಿಯುವ ಮೊದಲೇ ಪಟಾಕಿ ಹಚ್ಚುವ ಮನೆಗಳು ಬಹಳ. ನಿಮ್ಮ ನಾಯಿ ಮುಂಜಾನೆ ಐದಕ್ಕೆ ವಾಕಿಂಗ್ ಹೋಗುವುದಾದರೆ ಅವತ್ತು ಬೇಡ. ಎಲ್ಲ ತಣ್ಣಗಾದ ಮೇಲೆ, ಒಂಬತ್ತು ಹತ್ತರ ಹೊತ್ತಿಗೆ ಕರೆದೊಯ್ಯಿರಿ. ಸಂಜೆಯದ್ದನ್ನು ನಾಲ್ಕೂವರೆಗೇ ಮುಗಿಸಿ. ಚೆನ್ನಾಗಿ ನಡೆಸಿ, ದಣಿಯಲಿ. ಐದೂವರೆಗೆ ಊಟ. ನೆರೆಮನೆಯವರು ಹೇಳಿದ ಗಂಟೆ ನೋಡಿಕೊಂಡು ಮಾತ್ರೆ. ಆಮೇಲೆ ಹೊರಗೆ ಬೇಡ, ಪೇಪರ್ ಹಾಸಿಡಿ.

ಸದ್ದು ಶುರುವಾದಾಗ ನಾಯಿ ನಿಮ್ಮ ಹತ್ತಿರ ಬಂದರೆ ಮುಟ್ಟಿ, ಮಾತಾಡಿಸಿ, ಅಪ್ಪಿಕೊಳ್ಳಿ. "ಮುದ್ದು ಮಾಡಿದರೆ ಹೆದರಿಕೆ ಜಾಸ್ತಿಯಾಗುತ್ತೆ" ಎನ್ನುವುದು ಹಳೇ ಮಾತು, ಪ್ರಾಣಿಗಳ ನಡವಳಿಕೆ ಬಲ್ಲವರು ಈಗ ಅದನ್ನು ಒಪ್ಪುವುದಿಲ್ಲ. ಹೆದರಿಕೆ ಒಂದು ಭಾವ, ಬಹುಮಾನ ಕೊಟ್ಟು ಬೆಳೆಸುವ ಚಾಳಿ ಅಲ್ಲ. ಒಂಟಿಯಾಗಿ ಅಡಗಿ ಕೂತರೆ ಹಾಗೇ ಬಿಡಿ. ಬೈಯುವುದು, ಎಳೆದಾಡುವುದು ಬೇಡ. ಮನೆಯಲ್ಲಿ ಒಬ್ಬರಾದರೂ ಇರಲೇಬೇಕು. ಎಲ್ಲರೂ ನೆಂಟರ ಮನೆಗೆ ಹೋಗಿ ನಾಯಿಯೊಂದನ್ನೇ ಬಿಟ್ಟುಹೋಗುವುದು ಆ ರಾತ್ರಿ ಸಲ್ಲದು.

ತಿಂಡಿಯ ಬಗ್ಗೆ ಒಂದು ಮಾತು. ಒಣದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ, ಚಾಕೊಲೇಟ್ ಕೂಡ ವಿಷ. ಲಾಡು, ಪಾಯಸ, ನೆಂಟರು ತಂದ ಚಾಕೊಲೇಟ್ ಡಬ್ಬಿ ಎಲ್ಲ ಮೇಲಿನ ಕಪಾಟಿಗೆ ಹೋಗಲಿ.

ಹಂತ 7: ಬೆಕ್ಕು, ಹಕ್ಕಿ, ಮೊಲ, ದನ, ಬೀದಿ ನಾಯಿ

ಬೆಕ್ಕು ಸದ್ದಿಲ್ಲದೆ ನರಳುತ್ತದೆ. ಅಡಗಿಕೊಂಡು ಎರಡು ದಿನ ಊಟಕ್ಕೇ ಬರದಿರಬಹುದು. ಹೊರಗೆ ಅಲೆಯುವ ಬೆಕ್ಕನ್ನು ಹಬ್ಬದ ಹಿಂದಿನ ದಿನವೇ ಒಳಗೆ ಮಾಡಿಕೊಳ್ಳಿ. ಎತ್ತರದಲ್ಲಿ ಒಂದು, ಕೆಳಗೆ ಒಂದು ರಟ್ಟಿನ ಡಬ್ಬಿ ಇಡಿ. ಗಂಡು ಬೆಕ್ಕು ಮತ್ತೆ ಮತ್ತೆ ಮಣ್ಣಿನ ತಟ್ಟೆಗೆ ಹೋಗಿ ಮುಕ್ಕರಿದರೂ ಉಚ್ಚೆ ಬರದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಒತ್ತಡದಿಂದ ಮೂತ್ರ ಕಟ್ಟಿಕೊಳ್ಳುವುದುಂಟು, ಅದು ಪ್ರಾಣಕ್ಕೇ ಅಪಾಯ.

ಲವ್ ಬರ್ಡ್ಸ್, ಕಾಕಟೀಲ್‌ಗಳ ಪಂಜರವನ್ನು ಬಾಲ್ಕನಿಯಿಂದ ಒಳಗೆ ತನ್ನಿ. ಮೂರು ಕಡೆ ಬಟ್ಟೆ ಮುಚ್ಚಿ, ಮಂದ ಬೆಳಕು ಇರಲಿ. ಪೂರ್ತಿ ಕತ್ತಲಲ್ಲಿ ಬೆಚ್ಚಿದರೆ ಸರಳಿಗೆ ಬಡಿದುಕೊಂಡು ರೆಕ್ಕೆ ಮುರಿದುಕೊಳ್ಳುತ್ತವೆ. ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ ವೈದ್ಯರಿಗೆ ತೋರಿಸಲೇಬೇಕು, ಅದರ ಕರುಳು ನಿಂತುಹೋಗುತ್ತದೆ.

ಮಲೆನಾಡಿನ ಕಡೆ ಬಲಿಪಾಡ್ಯಮಿಯ ದಿನ ಗೋಪೂಜೆ ದೊಡ್ಡ ಸಂಭ್ರಮ. ದನಗಳಿಗೆ ಹೂವಿನ ಹಾರ, ಅಡಿಕೆ ಸರ ಎಲ್ಲ ಕಟ್ಟಿ, ಕೊಟ್ಟಿಗೆ ಬಾಗಿಲಲ್ಲೇ ಪಟಾಕಿ ಹಚ್ಚುವವರಿದ್ದಾರೆ. ಹೆದರಿದ ಹಸು ಕಣ್ಣಿ ಜಗ್ಗಿ ಬೀಳುತ್ತದೆ, ಗಬ್ಬದ ಹಸುವಿಗೆ ಅದು ಇನ್ನೂ ಅಪಾಯ. ಪೂಜೆಯನ್ನು ದನದ ಹತ್ತಿರ, ಪಟಾಕಿಯನ್ನು ಹುಲ್ಲಿನ ಬಣವೆಯಿಂದಲೂ ಕೊಟ್ಟಿಗೆಯಿಂದಲೂ ದೂರ ಇಟ್ಟುಕೊಳ್ಳಿ. ದನಕ್ಕೆ ಪೆಟ್ಟಾದರೆ ಪಶು ಸಂಜೀವಿನಿ (ಸರ್ಕಾರದ ಸಂಚಾರಿ ಪಶು ಚಿಕಿತ್ಸೆ) ವಾಹನ ಕರೆಸಲು 1962 ನಂಬರಿಗೆ ಫೋನ್ ಮಾಡಿ.

ಬೀದಿ ನಾಯಿಗಳಿಗೆ ಸಂಜೆ ಐದಕ್ಕೇ ಊಟ ಹಾಕಿ. ಪಾರ್ಕಿಂಗ್ ಅಥವಾ ಮೆಟ್ಟಿಲ ಕೆಳಗೆ ಎರಡು ರಾತ್ರಿ ಜಾಗ ಕೊಡಲು ವಾಚ್‌ಮನ್‌ಗೆ ಹೇಳಿಡಿ. ಹಳೆ ಗೋಣಿಚೀಲ, ನೀರಿನ ಬಟ್ಟಲು ಸಾಕು.

ಹಂತ 8: ಮನೆಯ, ನೆರೆಮನೆಯ ಮನುಷ್ಯರು

ಉಬ್ಬಸ ಇರುವವರ ಇನ್ಹೇಲರ್ ಖಾಲಿಯಾಗಿಲ್ಲವಾ ಅಂತ ಮೊದಲೇ ನೋಡಿ. ಸಂಜೆ ಆರಕ್ಕೆ ಕಿಟಕಿ ಮುಚ್ಚಿ, ಬೆಳಿಗ್ಗೆ ಹೊಗೆ ಇಳಿದ ಮೇಲೆ ತೆರೆಯಿರಿ. ಹೊರಗೆ ಹೋಗಲೇಬೇಕಾದರೆ ಎನ್-95 ಮಾಸ್ಕ್. ಬಟ್ಟೆ ಕಟ್ಟಿಕೊಂಡರೆ ಸಣ್ಣ ಕಣಗಳು ನಿಲ್ಲುವುದಿಲ್ಲ. ಎಳೆಮಗುವನ್ನು ಬೀದಿ ಕಡೆಯ ಕೋಣೆಯಲ್ಲಿ ಮಲಗಿಸಬೇಡಿ. ಸದ್ದು ಸಹಿಸದ ಆಟಿಸಂ ಇರುವ ಮಕ್ಕಳಿಗೆ ಕಿವಿ ಪೂರ್ತಿ ಮುಚ್ಚುವ ಇಯರ್‌ಮಫ್ ನೆರವಾಗುತ್ತದೆ. ಅದನ್ನೂ ಮೊದಲೇ ರೂಢಿ ಮಾಡಿಸಿ. ಮರೆವಿನ ಕಾಯಿಲೆ ಇರುವ ಹಿರಿಯರಿಗೆ ಆ ಸದ್ದು ಏನು ಅಂತಲೇ ತಿಳಿಯದೆ ದಿಗಿಲಾಗುತ್ತದೆ. ಲೈಟ್ ಹಾಕಿ, ಪಕ್ಕದಲ್ಲಿ ಕೂತು, "ದೀಪಾವಳಿ ಅಲ್ವಾ, ಮಕ್ಕಳು ಪಟಾಕಿ ಹೊಡೀತಿದ್ದಾರೆ" ಅಂತ ಮತ್ತೆ ಮತ್ತೆ ಹೇಳಬೇಕಾಗುತ್ತದೆ.

ಪಟಾಕಿ ಹೊಡೆಯುವವರು ನೀವೇ ಆಗಿದ್ದರೆ, ಪಕ್ಕದ ಮನೆಯವರಿಗೆ ಗಂಟೆ ತಿಳಿಸುವ ಕೆಲಸ ನಿಮ್ಮದು. ಅವರು ಬಂದು ಕೇಳಲಿ ಅಂತ ಕಾಯಬೇಡಿ.

ಹಂತ 9: ಏನಾದರೂ ಆದರೆ

ಸುಟ್ಟರೆ, ಪ್ರಾಣಿಯಾಗಲಿ ಮನುಷ್ಯರಾಗಲಿ, ಹರಿಯುವ ತಣ್ಣೀರು ಇಪ್ಪತ್ತು ನಿಮಿಷ. ಐಸ್, ಟೂತ್‌ಪೇಸ್ಟ್, ಅರಿಶಿನ ಬೇಡ. ಕಣ್ಣಿಗೆ ಕಿಡಿ ತಾಗಿದರೆ ಉಜ್ಜಬೇಡಿ, ಒತ್ತಬೇಡಿ, ಏನಾದರೂ ಚುಚ್ಚಿಕೊಂಡಿದ್ದರೆ ನೀವೇ ಕೀಳಬೇಡಿ, ಕಣ್ಣಾಸ್ಪತ್ರೆಗೆ ಹೋಗಿ. ಬೆಂಗಳೂರಿನ ಮಿಂಟೋ ಆಸ್ಪತ್ರೆಗೆ ದೀಪಾವಳಿ ಸಮಯದಲ್ಲಿ ಇಂಥವರು ಪ್ರತಿ ವರ್ಷ ಬರುತ್ತಾರೆ. ಅವರಲ್ಲಿ ಪಟಾಕಿ ಹಚ್ಚದೆ ಸುಮ್ನೆ ನೋಡುತ್ತ ನಿಂತಿದ್ದವರೂ ಇರುತ್ತಾರೆ.

ನಾಯಿ ಓಡಿಹೋದರೆ ಕೂಗುತ್ತ ಬೆನ್ನಟ್ಟಬೇಡಿ, ಇನ್ನೂ ದೂರ ಹೋಗುತ್ತದೆ. ಕೊನೆಗೆ ಕಂಡ ಜಾಗದಲ್ಲಿ ನೀವು ಉಟ್ಟ ಬಟ್ಟೆ, ಅದರ ಹಾಸಿಗೆ ಇಡಿ. ಬೆಳಗಿನ ಜಾವ, ಸದ್ದು ನಿಂತ ಹೊತ್ತು ಹುಡುಕಲು ಒಳ್ಳೆಯದು. ಖಾಲಿ ಸೈಟು, ನಿಂತ ಲಾರಿಗಳ ಕೆಳಗೆ, ಚರಂಡಿ ಬದಿ ನೋಡಿ. ಹಾಲಿನವರಿಗೆ, ಪೇಪರ್ ಹಾಕುವ ಹುಡುಗರಿಗೆ, ಪೌರಕಾರ್ಮಿಕರಿಗೆ ಫೋಟೋ ತೋರಿಸಿ. ಬೆಳಿಗ್ಗೆ ಮೊದಲು ಬೀದಿಗಿಳಿಯುವವರು ಅವರೇ.

ಗಾಯಗೊಂಡ ಗೂಬೆ, ಹದ್ದು, ಬಾವಲಿ ಸಿಕ್ಕರೆ ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿ ಕತ್ತಲಲ್ಲಿಡಿ, ನೀರು ಕುಡಿಸಲು ಹೋಗಬೇಡಿ. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆಂಗಳೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್ ವನ್ಯಜೀವಿ ಆಸ್ಪತ್ರೆ ಇದೆ, ಬೇರೆ ಊರುಗಳಲ್ಲಿ ಅರಣ್ಯ ಇಲಾಖೆಗೆ ತಿಳಿಸಿ.

ಬಾಲಕ್ಕೆ ಪಟಾಕಿ ಕಟ್ಟುವುದು, ಮಲಗಿದ ನಾಯಿಯ ಮೇಲೆ ಎಸೆಯುವುದು ತಮಾಷೆಯಲ್ಲ, ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಸೆಕ್ಷನ್ 11 ಇದಕ್ಕೆ ಅನ್ವಯಿಸುತ್ತದೆ. ಪ್ರಾಣಿ ಸತ್ತರೆ ಅಥವಾ ಊನವಾದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 325 ಕೂಡ. ರಾತ್ರಿ ಹತ್ತರ ನಂತರದ ಸದ್ದಿಗೂ ಇಂಥ ಹಿಂಸೆಗೂ 112ಕ್ಕೆ ಕರೆ ಮಾಡಬಹುದು. ಸಮಯ, ಜಾಗ ಹೇಳಿ, ಸಾಧ್ಯವಾದರೆ ವಿಡಿಯೋ ಇಟ್ಟುಕೊಳ್ಳಿ. ಒಂಟಿಯಾಗಿ ಹೋಗಿ ಗುಂಪಿನ ಜೊತೆ ವಾದಕ್ಕೆ ನಿಲ್ಲಬೇಡಿ.

ಹಂತ 10: ಮಾರನೇ ದಿನ ಮತ್ತು ಆಮೇಲೆ

ವಾಕಿಂಗಿಗೆ ಮೊದಲು ಗೇಟಿನ ಮುಂದೆ ಗುಡಿಸಿ. ಸಿಡಿಯದ ಪಟಾಕಿ, ಮದ್ದಿನ ಪುಡಿ, ಸುರುಸುರು ಬತ್ತಿಯ ಸುಟ್ಟ ತಂತಿ ನೆಲದ ಮೇಲೆ ಬಿದ್ದಿರುತ್ತವೆ. ತಂತಿ ಪಾದಕ್ಕೆ ಚುಚ್ಚುತ್ತದೆ, ಮದ್ದು ಹೊಟ್ಟೆಗೆ ಹೋದರೆ ವಿಷ. ಸಿಡಿಯದೆ ಉಳಿದದ್ದನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ, ಆಮೇಲೆ ಬೇರೆಯಾಗಿ ಕಟ್ಟಿ ಕಸದ ಗಾಡಿಯವರಿಗೆ ಹೇಳಿಯೇ ಕೊಡಿ. ಸುಮ್ನೆ ಕಸಕ್ಕೆ ಸೇರಿಸಿದರೆ ಅದು ಅವರ ಕೈಯಲ್ಲಿ ಸಿಡಿಯಬಹುದು.

ಪಾಡ್ಯ ಮುಗಿದ ತಕ್ಷಣ ಬೆಲ್ಟ್, ಪರದೆ ಎತ್ತಿಡಬೇಡಿ. ಉಳಿದ ಪಟಾಕಿಯನ್ನು ಜನ ಉತ್ಥಾನ ದ್ವಾದಶಿಯ ತುಳಸಿ ಹಬ್ಬಕ್ಕೆ ಇಟ್ಟುಕೊಂಡಿರುತ್ತಾರೆ. ಅದು ಬರುವುದು ಹನ್ನೆರಡು ದಿನದ ಆಸುಪಾಸಿನಲ್ಲಿ. ನೆರೆಮನೆಯವರನ್ನು ಅದಕ್ಕೂ ಒಮ್ಮೆ ಗಂಟೆ ಕೇಳಿಕೊಳ್ಳಿ. ಆಮೇಲೆ ಡಿಸೆಂಬರ್ 31 ಇದೆ. 2018ರ ಆದೇಶದಲ್ಲಿ ಕ್ರಿಸ್‌ಮಸ್ ಮತ್ತು ಹೊಸ ವರ್ಷಕ್ಕೆ ಕೊಟ್ಟಿರುವ ಸಮಯ ರಾತ್ರಿ 11:55ರಿಂದ 12:30. ಮಾತ್ರೆ ಉಳಿದಿದ್ದರೆ ಅದರ ಅವಧಿ ಮುಗಿಯುವ ತಾರೀಖು ನೋಡಿ ಇಟ್ಟುಕೊಳ್ಳಿ. ಈ ಸಲ ಎಷ್ಟು ಹೊತ್ತಿಗೆ ಕೆಲಸ ಮಾಡಿತು, ಎಷ್ಟು ಹೊತ್ತು ಉಳಿಯಿತು ಎಂದು ಡಾಕ್ಟರ್ ಬರೆದುಕೊಟ್ಟ ಚೀಟಿಯ ಹಿಂದೆ ಬರೆದಿಡಿ, ಮುಂದಿನ ಸಲ ಡಾಕ್ಟರ್ ಮೊದಲು ಕೇಳುವುದು ಅದನ್ನೇ.